ಗಂಟು ಹಾಕಿದ ಇಸಾಲೆ ಎಲೆ

ಮರಂಗು, ಭಾನುವಾರ

ಎಲಿಯಮಾನಿ ಅಣ್ಣನಿಗೆ,

ಮಗಳು ಐಕಾಂಡೆಯ ಕೈಯಲ್ಲಿ ಇಸಾಲೆ ಎಲೆ ಕಳಿಸಿದ್ದೇನೆ. ಈ ಎಲೆಗೆ ಗಂಟು ಹಾಕಿ ಕ್ಷಮೆ ಕೇಳಿದರೆ ನಮ್ಮವರು ಇಲ್ಲ ಎನ್ನುವಂತಿಲ್ಲ. ಕಿಲಿಮಂಜಾರೊದಿಂದ ನನ್ನ ಗಂಡನ ಶವ ಹೊತ್ತು ತಂದ ನಿಮ್ಮ ಮುಖಕ್ಕೇ ಅಂದು ಬಾಗಿಲು ಹಾಕಿದೆ. ಮೂರು ವರ್ಷವಾಯಿತು.

ಈಗ ಇವಳಿಗೂ ಪ್ರವಾಸಿಗರನ್ನು ಬೆಟ್ಟ ಹತ್ತಿಸುವ ಹಟ. "ಕಿಟಕಿ ಮುಚ್ಚಿದ್ರೆ ಬೆಟ್ಟ ಎದ್ದು ಹೋಗುತ್ತೇನಮ್ಮಾ?" ಅಂತಾಳೆ. ಅಂದಿನಿಂದ ಮುಚ್ಚಿಟ್ಟಿದ್ದ ಬೆಟ್ಟದ ಕಡೆಯ ಕಿಟಕಿಯನ್ನು ನಿನ್ನೆ ತೆರೆದೆ.

ಅವಳನ್ನು ನಿಮ್ಮ ತಂಡಕ್ಕೇ ಸೇರಿಸಿಕೊಳ್ಳಿ. ಅಪ್ಪನ ಬೂಟು ದೊಡ್ಡದಾಗುತ್ತದೆ, ಎರಡು ಜೊತೆ ಕಾಲುಚೀಲ ಹಾಕಿಸಿ. ಮೇಲೆ ಗಾಳಿ ತೆಳುವಾಗಿ ತಲೆನೋವು ಬಂದರೆ ಅವಳೂ ಅಪ್ಪನಂತೆ ಮುಚ್ಚಿಡುತ್ತಾಳೆ. ನೀವೇ ಕೇಳಿ.

ಇಳಿದ ದಿನ ಇಬ್ಬರೂ ಊಟಕ್ಕೆ ಇಲ್ಲಿಗೇ ಬನ್ನಿ. ಬಾಳೆಕಾಯಿ ಬೇಯಿಸಿಟ್ಟಿರುತ್ತೇನೆ.

ನಿಮ್ಮ ತಂಗಿ,
ಅನಾಎಲಿ