ಕೇಳದೆ ಹಾಕಿದ ಸಹಿ

ಹೊಲಿಗೆ ಅಂಗಡಿಯ ಹಿಂದಿನ ಕೋಣೆ
ಮಾರ್ಚ್ ೪, ಮಂಗಳವಾರ

ಪ್ರೀತಿಯ ಮಗಳೇ,

ಪ್ರೀತಿಯ ಅಂತ ಬರೆದದ್ದು ಕೈಯ ಅಭ್ಯಾಸ. ಇವತ್ತು ಸಿಟ್ಟೇ ಹೆಚ್ಚಿದೆ. ಆದರೂ ಕೇಳುತ್ತೇನೆ, ನಿನ್ನ ಸೊಂಟನೋವು ಹೇಗಿದೆ? ಅಳಿಯಂದಿರ ಕೆಮ್ಮು ನಿಂತಿತೇ? ಮಗುವಿಗೆ ಹಲ್ಲು ಬಂದಿರಬೇಕು. ಮೊನ್ನೆ ಫೋನಿನಲ್ಲಿ ನೀನು ಅತ್ತುಬಿಟ್ಟೆ, ನಾನು ಕರಗಿ ಫೋನಿಟ್ಟೆ. ಕಾಗದಕ್ಕೆ ಅಳು ಕೇಳಿಸುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ಕರುಳಿನಿಂದ ತೆಗೆದ ಗಡ್ಡೆ ಈಗ ಲಿವರ್‌ನಲ್ಲಿ ಬಂದು ಕೂತಿದೆ. ತಿಂಗಳಿಂದ ಊಟ ಸೇರುತ್ತಿರಲಿಲ್ಲ. ನನ್ನ ಅಳತೆ ನಾನೇ ತೆಗೆದುಕೊಂಡೆ, ಸೊಂಟ ಮೂರಿಂಚು ಕಡಿಮೆ. ಟೇಪು ಸುಳ್ಳು ಹೇಳುವುದಿಲ್ಲ ಅಂತ ಆಸ್ಪತ್ರೆಗೆ ಹೋದೆ. ಹೊಸ ಡಾಕ್ಟರಮ್ಮ ಹಳೆಯ ಫೈಲು ತಿರುವಿ ಹಾಕುತ್ತಾ, "ಆಪರೇಷನ್ ಆದ್ಮೇಲೆ ಕೀಮೋ ಯಾಕಮ್ಮಾ ಬೇಡ ಅಂದ್ರಿ?" ಅಂದರು. ಯಾವ ಕೀಮೋ ಅಂತ ನಾನೇ ತಿರುಗಿ ಕೇಳಿದೆ. ನನಗಿದ್ದದ್ದು ಕ್ಯಾನ್ಸರ್ ಅಂತ ತಿಳಿದದ್ದೇ ಅವತ್ತು. ಸಾಮಾನ್ಯ ಗಡ್ಡೆ, ತೆಗೆದರು, ಪೀಡೆ ಹೋಯಿತು ಅಂತ ನೀನಲ್ಲವೇ ಹೇಳಿದ್ದು? ಫೈಲಿನ ಹಾಳೆಯಲ್ಲಿ ನಿನ್ನ ಗುಂಡಗಿನ ಅಕ್ಷರ: ಕೀಮೋ ಬೇಡ, ಅಮ್ಮನಿಗೆ ತಿಳಿಸಬಾರದು. ಕೆಳಗೆ ನಿನ್ನ ಸಹಿ.

"ಕೀಮೋದಿಂದ ಬೆರಳು ಜೋಮು ಹಿಡಿಯುತ್ತೆ ಅಂದ್ರಮ್ಮಾ, ಸೂಜಿ ಹಿಡಿಯೋಕಾಗದೆ ನೀನು ಬದುಕ್ತೀಯಾ?" ಅಂದೆಯಲ್ಲ ಫೋನಿನಲ್ಲಿ. ಬದುಕಿದ್ದರೆ ತಾನೇ ಕಣೇ ಸೂಜಿ? ತೋಳು ಅರ್ಧ ಇಂಚು ಗಿಡ್ಡ ಮಾಡಬೇಕಾದರೂ ಗಿರಾಕಿಯನ್ನು ಒಂದು ಮಾತು ಕೇಳಿಯೇ ಕತ್ತರಿ ಹಾಕಿದವಳು ನಾನು. ನಲವತ್ತು ವರ್ಷ! ನಿನಗೂ ಅದನ್ನೇ ಕಲಿಸಿದ್ದೆ. ನನ್ನ ಮೈಯ ವಿಷಯಕ್ಕೆ ಬಂದಾಗ ಆ ಒಂದು ಮಾತು ಎಲ್ಲಿ ಹೋಗಿತ್ತು? ಅಳಿಯಂದಿರಿಗೆ ಗೊತ್ತು, ನಿನ್ನ ಚಿಕ್ಕಪ್ಪನಿಗೆ ಗೊತ್ತು, ನನಗೊಬ್ಬಳಿಗೆ ಕಿವಿ ಮೇಲೆ ಹೂವಿಟ್ಟಿರಿ. ಆಗಾಗ ತಪಾಸಣೆಗೆ ಬನ್ನಿ ಅಂತ ಆಸ್ಪತ್ರೆಯವರು ಆಗಲೇ ಹೇಳಿದ್ದರು. ಬರೀ ಗಡ್ಡೆಗೆ ಇಷ್ಟು ಓಡಾಟವೇ, ಹೊಲಿಗೆ ರಾಶಿ ಬಿದ್ದಿದೆ ಅಂತ ನಾನು ಹೋಗಲೇ ಇಲ್ಲ. ಗೊತ್ತಿದ್ದರೆ ತಪ್ಪಿಸುತ್ತಿದ್ದೆನೇ?

ಕೀಮೋ ತೆಗೆದುಕೊಂಡಿದ್ದರೆ ಬರುತ್ತಲೇ ಇರಲಿಲ್ಲವೇ ಅಂತ ಡಾಕ್ಟರಮ್ಮನನ್ನು ಕೇಳಿದೆ. "ಹಾಗೆ ಹೇಳೋಕಾಗಲ್ಲಮ್ಮಾ. ಮತ್ತೆ ಬರೋ ಸಾಧ್ಯತೆ ಕಮ್ಮಿಯಾಗ್ತಿತ್ತು, ಅಷ್ಟೇ" ಅಂದರು. ಆಸ್ಪತ್ರೆಯಲ್ಲಿ ನನ್ನ ಪಕ್ಕ ಕೂತಿದ್ದ ಬಸ್ ಡ್ರೈವರು ಕೀಮೋದ ಅಷ್ಟೂ ಸುತ್ತು ಮುಗಿಸಿದ್ದನಂತೆ, ಪಾಪ, ಅವನಿಗೂ ಮತ್ತೆ ಬಂದಿದೆ. ಹಾಗಾಗಿ ರೋಗ ತಂದವಳು ನೀನು ಅನ್ನುವುದಿಲ್ಲ. ನಾನೂ ಬೇಡ ಅನ್ನುತ್ತಿದ್ದೆನೋ ಏನೋ. ಆದರೆ ಬೇಡ ಅನ್ನಬೇಕಾದವಳು ನಾನು, ನೀನಲ್ಲ. ಅದು ನೆನಪಾದಾಗಲೆಲ್ಲ ಮೈ ಉರಿಯುತ್ತದೆ.

ಅಳಿಯಂದಿರಿಗೆ ಕೇಳಿದೆ ಅಂತ ಹೇಳು. ಮಗುವಿಗೆ ಮುತ್ತು. ನಿನಗೂ ಒಳ್ಳೆಯದಾಗಲಿ; ಎಷ್ಟೇ ಸಿಟ್ಟಿದ್ದರೂ ಹೆತ್ತ ಬಾಯಿಗೆ ಬೇರೆ ಮಾತು ಬರುವುದಿಲ್ಲ.

ಇತಿ,
ಬುದ್ಧಿ ಇನ್ನೂ ನೆಟ್ಟಗಿರುವ
ನಿನ್ನ ಅಮ್ಮ

ವಿ.ಸೂ.: ಹದಿನೇಳರಂದು ಬೆಳಿಗ್ಗೆ ಎಂಟಕ್ಕೆ ಮೊದಲ ಕೀಮೋ. ವಾಸಿ ಮಾಡುವುದಕ್ಕಲ್ಲ, ತಡೆಯುವುದಕ್ಕೆ. ಎಷ್ಟು ದಿನ ಅಂತ ನೇರವಾಗಿಯೇ ಕೇಳಿದೆ. ಒಂದು ವರ್ಷ, ಹೆಚ್ಚೆಂದರೆ ಎರಡು ಅಂದರು. ಇದನ್ನು ನನ್ನ ಮಗಳಿಗೆ ಹೇಳಬೇಡಿ ಅಂತ ಅವರಿಂದ ಮಾತು ತೆಗೆದುಕೊಂಡು ಬಂದಿದ್ದೆ. ಹೇಳದೆ ಇರುವುದು ಎಷ್ಟು ಸುಲಭ ಅಂತ ಈಗ ಗೊತ್ತಾಯಿತು. ಬಾ.