ನಾಲ್ಕು ಬೆರಳು ಚರ್ಮ

ಅಮ್ಮಾ,

ಅಪ್ಪನಿಗೆ ಬಿಪಿ ಮಾತ್ರೆ ಕುಸ್ತಿ ಶುರುವಾಗೋ ಮುಂಚೆನೇ ಕೊಡು. "ಮರುಪಂದ್ಯದಲ್ಲೂ ನನ್ನ ಮಗನೇ ಗೆಲ್ಲೋದು" ಅಂತ ಡಂಗುರ ಸಾರಿ, ಟಿವಿ ನೋಡೋಕೆ ಬೀದಿಯವರನ್ನೆಲ್ಲ ಕರೆದಿದ್ದಾರೆ. ಬೇಡ ಅಂತ ಬಡ್ಕೊಂಡೆ, ಕೇಳಿದ್ರೆ ತಾನೇ! ಕುರ್ಚಿ ಸಾಲದಿದ್ರೆ ಚಾಪೆ ಹಾಸು.

ಗೆಲ್ಲೋದು ಯಾರು ಅಂತ ಕುಸ್ತಿ ಕಂಪನಿಯವರು ಮೊದಲೇ ತೀರ್ಮಾನ ಮಾಡೋದು ನಿನಗೂ ಗೊತ್ತು. ಸೋಲೋನಿಗೆ ಮಾತ್ರ ಕೊನೇ ಗಳಿಗೆಯಲ್ಲಿ ಹೇಳ್ತಾರೆ. ನಿನ್ನೆ ತಮ್ಮನ ಚಾಂಪಿಯನ್ ಬೆಲ್ಟು ನಾನು ಕೆಲಸ ಮಾಡೋ ಚರ್ಮದ ಅಂಗಡಿಗೆ ಬಂತು. ಆ ಸಣಕಲ ಎದುರಾಳಿಯ ಸೊಂಟದ ಅಳತೆ ಕೊಟ್ಟು, ನಾಲ್ಕು ಬೆರಳು ಚರ್ಮ ಕತ್ತರಿಸಿ ಅಂದ್ರು. ಬಾಯಿ ಬಿಟ್ರೆ ತಮ್ಮನ ಕೆಲಸಾನೂ ಹೋಗುತ್ತೆ, ನಂದೂ ಹೋಗುತ್ತೆ. ಕತ್ತರಿಸಿದೆ. ಈಗ ಕೊಟ್ಟು ಬರೋಕೆ ಹೊರಟಿದ್ದೀನಿ.

ಬೆಳಿಗ್ಗೆ ತಮ್ಮ ಫೋನ್ ಮಾಡಿದ್ದ. "ಅಕ್ಕಾ, ಬೆಲ್ಟು ನಿನ್ನ ಹತ್ರಾನೇ ಇದೆಯಂತಲ್ಲ, ಒಂಚೂರು ಸಡಿಲ ಮಾಡೇ, ಹೊಟ್ಟೆ ಬಂದ್ಬಿಟ್ಟಿದೆ" ಅಂದ.

ಆಯ್ತು ಕಣೋ ಅಂದೆ.