ದೊಡ್ಡ ಪುಟ್ಟಿಯ ಚೀಟಿ

ಅತ್ತೆಮ್ಮಾ,

ನಿಮಗೆ ಓದು ಬಾರದೆಂಬುದನ್ನು ನಾನು ಮರೆತಿಲ್ಲ. ಮನೆಗೆ ಬಂದ ಕಾಗದವನ್ನೆಲ್ಲ ನಾನೇ ಓದಿ ಹೇಳಬೇಕಿತ್ತು. ನೀವು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಿರಿ, ನಡುವೆ ನಾನೊಂದು ಸಾಲು ಹಾರಿಸಿದರೆ ಅದು ಹೇಗೋ ನಿಮಗೆ ಗೊತ್ತಾಗಿಬಿಡುತ್ತಿತ್ತು. ಇದನ್ನೂ ಬರೆದು ಮುಗಿಸಿ, ನೀವು ಮಲಗುತ್ತಿದ್ದ ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದುತ್ತೇನೆ. ಈ ಸಲ ಯಾವ ಸಾಲನ್ನೂ ಹಾರಿಸುವುದಿಲ್ಲ.

ನಾನು ಸೊಸೆಯಾಗಿ ಕೊಟ್ಟೂರಿಗೆ ಬಂದ ಹೊಸದರಲ್ಲಿ, ಬೊಮ್ಮನಹಳ್ಳಿ ಸಂತೆಗೆ ನನ್ನನ್ನು ಮೊದಲ ಸಲ ಕರೆದುಕೊಂಡು ಹೋದದ್ದು ನೆನಪಿದೆಯೇ? ನಿಮ್ಮ ಮಗ ತಾನು ಕೂಲಿಗಿದ್ದ ಭಟ್ಟಿಯಲ್ಲಿ ಹುರಿದ ಮಂಡಕ್ಕಿ, ನಮ್ಮಿಬ್ಬರ ತಲೆಯ ಮೇಲೆ ಒಂದೊಂದು ಬಿದಿರ ಪುಟ್ಟಿ, ಬೆಳಗಿನ ರೈಲು. ಸೇರು ಅಳೆದು ಸುರಿದ ಮೇಲೆ ಪ್ರತಿ ಗಿರಾಕಿಗೂ ನೀವು ಒಂದು ಹಿಡಿ ಕೊಸರು ಹಾಕುತ್ತಿದ್ದಿರಿ. ಹಿಡಿ ಎಂದರೆ ಎಂಥ ಹಿಡಿ! ನಿಮ್ಮ ಅಂಗೈಯೇ ಸಣ್ಣ ಮೊರದಷ್ಟಿತ್ತು. ನಾನು ಮನಸ್ಸಿನಲ್ಲೇ ಎಷ್ಟು ಉರಿದುಕೊಳ್ಳುತ್ತಿದ್ದೆನೋ ನಿಮಗೇನು ಗೊತ್ತು. ಅಥವಾ ಅದೂ ಗೊತ್ತಿತ್ತೋ ಏನೋ.

ಆಮೇಲೆ ಒಂದೊಂದೇ ಬಿಗಿಯತೊಡಗಿತು. ನೆಲ್ಲಿನ ರೇಟು ಏರಿತು. ಭಟ್ಟಿ ಉರಿಸಲು ಪುಕ್ಕಟೆ ತುಂಬಿಕೊಂಡು ಬರುತ್ತಿದ್ದ ಹೊಟ್ಟಿಗೂ ಮಿಲ್ಲಿನವರು ದುಡ್ಡು ಕೇಳಲು ಶುರುಮಾಡಿದರು. ಶೇಂಗಾ ಎಣ್ಣೆ ಹಬ್ಬಕ್ಕೆ ಮಾತ್ರ ಎಂದಾಯಿತು, ಉಳಿದ ದಿನ ರೇಷನ್ ಅಂಗಡಿಯ ಪಾಮೋಲಿನ್. ಅದಕ್ಕೂ ಸಾಲಿನಲ್ಲಿ ನಿಲ್ಲಬೇಕು, ಸೀಮೆಎಣ್ಣೆಗೂ ನಿಲ್ಲಬೇಕು. ಸ್ಟೇಷನ್ ಹೋಟೆಲಿನ ಚಹಾದ ಗ್ಲಾಸು ಕೂಡ ಗಿಡ್ಡಗಾಯಿತು. ನಿಮ್ಮ ಮಗನ ಕೂಲಿ ಮಾತ್ರ ಎಲ್ಲಿತ್ತೋ ಅಲ್ಲೇ ಕೂತಿತ್ತು. ಆಗ ನಾನು ಕೊಸರು ನಿಲ್ಲಿಸೋಣ ಎಂದೆ. ಅದಾಗದಿದ್ದರೆ ಅಳೆಯಲು ನಾನು ಕೂರುತ್ತೇನೆ, ನನ್ನ ಕೈ ಸಣ್ಣದು ಎಂದೆ. ನೀವು ಸೇರನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಿರಿ.

"ಕೊಸರು ಇಲ್ಲದ ಅಳತಿ ಯಾಪಾರ ಅಲ್ಲವ್ವ, ಅದೂ ಒಂದು ಜಕಾತಿ," ಎಂದಿರಿ.

ಜಕಾತಿಯ ಮಾತು ನಿಮ್ಮ ಬಾಯಿಗೆ ಸುಮ್ಮನೆ ಬಂದದ್ದಲ್ಲ. ಸಂತೆಯ ಸುಂಕ ವಸೂಲಿ ವರ್ಷವರ್ಷ ಹರಾಜಾಗುತ್ತಿತ್ತು, ಹರಾಜು ಹಿಡಿದವನು ತಾನು ಕೊಟ್ಟದ್ದನ್ನು ನಮ್ಮಿಂದಲೇ ಎತ್ತಬೇಕಲ್ಲ? ಪುಟ್ಟಿಗೊಂದು ಸುಂಕದ ಚೀಟಿ. ಚೀಟಿಯ ದರ ಆ ವರ್ಷ ಒಮ್ಮೆಲೇ ದುಪ್ಪಟ್ಟಾದಾಗ ಸಂತೆಯ ಹೆಂಗಸರೆಲ್ಲ ಬಾಯಿಗೆ ಬಂದಂತೆ ಬೈದರು, ಬೈದು ಕೊಟ್ಟರು. ನಾನು ಏಳನೇ ಇಯತ್ತೆ ಓದಿದವಳು, ಬುದ್ಧಿವಂತೆ. ಎರಡು ಪುಟ್ಟಿಯ ಮಂಡಕ್ಕಿ ಹಿಡಿಸುವಂಥ ಒಂದೇ ಪುಟ್ಟಿ ಹೆಣೆಸಿದರೆ ಒಂದೇ ಚೀಟಿ ಸಾಕಲ್ಲವೇ ಎಂದೆ. ನಿಮ್ಮ ಕಣ್ಣು ಹೇಗೆ ಹೊಳೆದವು! ಬುಟ್ಟಿ ಹೆಣೆಯುವವಳ ಮನೆಗೆ ನೀವೇ ಓಡಿದಿರಿ, ಅಳತೆ ತೋರಿಸಲು ಎರಡೂ ಕೈ ಚಾಚಿಕೊಂಡೇ.

ಆ ಪುಟ್ಟಿಯನ್ನು ಮೊದಲ ಸಲ ರೈಲಿಗೆ ಏರಿಸಿದ ದಿನವನ್ನು ನೆನೆದರೆ ಈಗಲೂ ನಗು ಬರುತ್ತದೆ. ಬಾಗಿಲಲ್ಲಿ ಸಿಕ್ಕಿಕೊಂಡು ಒಳಗೂ ಹೋಗದು, ಹೊರಗೂ ಬಾರದು. ನೀವು ಒಳಗಿನಿಂದ ಎಳೆಯುವುದು, ನಾನು ಹೊರಗಿನಿಂದ ತಲೆ ಕೊಟ್ಟು ನೂಕುವುದು, ಗಾರ್ಡು ಹಸಿರು ಬಾವುಟ ಹಿಡಿದುಕೊಂಡು ನಮ್ಮನ್ನೇ ನೋಡುತ್ತ ನಿಂತಿದ್ದ. ಆದರೆ ಸಂತೆಯಲ್ಲಿ ಒಂದೇ ಚೀಟಿ ಹರಿದರು. ಮೂರು ಸಂತೆ ಹಾಗೇ ನಡೆಯಿತು. ಮನೆಗೆ ಬಂದ ಕೂಡಲೇ ಚೀಟಿಯನ್ನು ಗೋಡೆಯ ತಂತಿಗೆ ಚುಚ್ಚಿ, ಜಕಾತಿಯವನನ್ನು ಗೆದ್ದ ಕಥೆಯನ್ನು ಓಣಿಗೆಲ್ಲ ಹೇಳಿಕೊಂಡು ಬರುತ್ತಿದ್ದಿರಿ.

ನಾಲ್ಕನೆಯ ಸಂತೆಗೆ ಆಷಾಢದ ಗಾಳಿ ಎದ್ದಿತ್ತು. ನಾನು ಹೊರುತ್ತೇನೆ ಎಂದೆ, ಅತ್ತೆಮ್ಮ. ಎರಡು ಸಲ ಎಂದೆ. ಮೂರನೆಯ ಸಲ ಯಾಕೆ ಕಿತ್ತುಕೊಳ್ಳಲಿಲ್ಲವೋ... ಮಂಡಕ್ಕಿಗೇನು ಭಾರ ಎಂದು ನೀವು ನಕ್ಕಿರಿ. ಭಾರವೇನೂ ಇರಲಿಲ್ಲ, ನಿಜ. ಹಗುರವಾದ್ದಕ್ಕೇ, ಅಷ್ಟಗಲ ಇದ್ದದ್ದಕ್ಕೇ, ಸ್ಟೇಷನ್ನಿನ ಇಳಿಜಾರಿನಲ್ಲಿ ಗಾಳಿ ಅದನ್ನು ನಿಮ್ಮ ಸಮೇತ ಎತ್ತಿ ಹಾಕಿತು. ನೆಲಕ್ಕೆ ಕೈ ಊರಿದ್ದರೆ ಉಳಿಯುತ್ತಿದ್ದಿರಿ. ನೀವು ಎರಡೂ ಕೈಯಲ್ಲಿ ಪುಟ್ಟಿಯ ಅಂಚನ್ನೇ ಹಿಡಿದಿದ್ದಿರಿ. ನಾನು ಓಡಿಬಂದಾಗ ಮಂಡಕ್ಕಿ ಹಳಿಯವರೆಗೂ ಹಾರಿ ಹರಡಿತ್ತು, ನಿಮ್ಮ ಕಾಲು ಒಂದು ಕಡೆ ತಿರುಚಿಕೊಂಡಿತ್ತು.

"ಮೊದ್ಲು ಪುಟ್ಟಿ ನೋಡು, ಮುರದೈತೇನು," ಎಂದಿರಿ.

ಪುಟ್ಟಿ ಮುರಿದಿರಲಿಲ್ಲ. ಮುರಿದದ್ದು ನಿಮ್ಮ ತೊಡೆಯ ಎಲುಬು. ದವಾಖಾನೆಯಲ್ಲಿ ಕಟ್ಟು ಹಾಕಿದರು, ಬಿಚ್ಚಿದರು, ಮತ್ತೆ ಹಾಕಿದರು. ಎಲುಬು ಕೂಡಿಕೊಳ್ಳಲೇ ಇಲ್ಲ. ಆಮೇಲೆ ನೀವು ಪಡಸಾಲೆಯ ಮಂಚ ಬಿಟ್ಟು ಏಳಲಿಲ್ಲ.

ನೀವು ಬಿದ್ದ ಮುಂದಿನ ಸಂತೆಗೆ ನಾನೊಬ್ಬಳೇ ಹೋದೆ. ಜಕಾತಿಯವನು ಪುಟ್ಟಿಯ ಸುತ್ತ ಒಂದು ಸುತ್ತು ಬಂದ.

"ಇದು ಪುಟ್ಟಿ ಅಲ್ಲವ್ವ, ಗುಡಿಸ್ಲ ಐತಿ. ಇನ್ನ ಮ್ಯಾಲೆ ಇದಕ್ಕ ಎರಡು ಚೀಟಿ," ಎಂದ.

ಎಷ್ಟು ವಾದ ಮಾಡಿದೆನೋ, ಎಷ್ಟು ಅತ್ತೆನೋ. ಎರಡು ಚೀಟಿ ಹರಿದೇ ಕೈಗೆ ಕೊಟ್ಟ. ಹೊತ್ತು ಇಳಿಯುವಾಗ ಮನೆಗೆ ಬಂದರೆ ನೀವು ಬಾಗಿಲಿಗೇ ಕಣ್ಣು ನೆಟ್ಟು ಮಲಗಿದ್ದಿರಿ.

"ಒಂದ ಚೀಟಿ ತಾನ?"

"ಹೂಂ ಅತ್ತಿ, ಒಂದ."

"ಹಂಗಾರ ನಾ ಬಿದ್ದಿದ್ದು ದಂಡ ಆಗ್ಲಿಲ್ಲ ಬಿಡು."

ಆ ಮಾತು ಕೇಳಿದ ಮೇಲೆ ನಾನು ಏನು ಮಾಡಬೇಕಿತ್ತು? ನೀವೇ ಹೇಳಿ. ಇನ್ನೊಂದು ಚೀಟಿ ಆಗ ನನ್ನ ಕುಪ್ಪಸದೊಳಗಿತ್ತು. ಮುಂದಿನ ಸಂತೆಯಿಂದ ಅದನ್ನು ರೈಲಿನಲ್ಲೇ ಹರಿದು ಕಿಟಕಿಯಿಂದ ಹಾಕುತ್ತ ಬಂದೆ. ನೀವು ಹೋಗುವವರೆಗೂ, ಎಂಟು ತಿಂಗಳು. ಸಣ್ಣ ಪುಟ್ಟಿಗಳಿಗೆ ಮರಳಿದ್ದರೆ ನನ್ನ ಕತ್ತಿಗೆ ಸುಖವಿತ್ತು, ಗಾಳಿಯ ಭಯವಿರಲಿಲ್ಲ. ಆದರೆ ನಿಮ್ಮ ಮಂಚದ ಮುಂದೆಯೇ ಹಾದು ಹೋಗಬೇಕಲ್ಲ. ಅದಕ್ಕೇ ಆ ದೊಡ್ಡ ಪುಟ್ಟಿಯನ್ನೇ ಹೊತ್ತೆ, ಎರಡು ಚೀಟಿಗೂ ಕೊಟ್ಟೆ, ನಿಮಗೆ ಒಂದನ್ನೇ ತೋರಿಸಿದೆ. ನಿಮ್ಮ ಔಷಧದ ಬಾಟಲಿಗೆ ಬೇಕಾಗಿದ್ದ ದುಡ್ಡೂ ಅದರಲ್ಲಿ ಹೋಯಿತು. ಎಂಟು ತಿಂಗಳು ನಾನು ಹಾರಿಸಿದ ಸಾಲು ಇದೇ. ಎಲ್ಲವೂ ತಿಳಿಯುತ್ತಿದ್ದ ನಿಮಗೆ ಇದೊಂದು ತಿಳಿಯಲಿಲ್ಲವೇ? ಅಥವಾ ತಿಳಿದೂ...

ನೀವು ಹೋದ ಮೇಲೆ ಆ ಪುಟ್ಟಿಯನ್ನು ಒಡೆದು ಒಲೆಗೆ ಹಾಕು ಎಂದರು ನಿಮ್ಮ ಮಗ. ನನಗೆ ಕೈ ಬರಲಿಲ್ಲ. ಹಿತ್ತಲ ಚಪ್ಪರಕ್ಕೆ ತೂಗುಹಾಕಿದ್ದೇನೆ, ಗುಬ್ಬಿಗಳು ಸೇರಿಕೊಂಡಿವೆ. ನಾನೀಗ ನಿಮ್ಮ ಹಳೆಯ ಸಣ್ಣ ಪುಟ್ಟಿಗಳನ್ನೇ ಒಯ್ಯುತ್ತೇನೆ, ತಲೆಯ ಮೇಲೊಂದು, ಕಂಕುಳಲ್ಲೊಂದು. ಕೊಸರು ಹಾಕುತ್ತೇನೆ, ನಿಮ್ಮ ಹಳೇ ಗಿರಾಕಿಗಳಿಗೆ ಮಾತ್ರ. ಎಲ್ಲರಿಗೂ ಹಾಕುತ್ತೇನೆ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ನಿಮ್ಮ ಒಂದು ಹಿಡಿಗೆ ನನ್ನವು ಎರಡು ಬೇಕು.

ಇನ್ನೊಂದು ಸುದ್ದಿ. ಮುಂದಿನ ಹರಾಜಿನಲ್ಲಿ ಚೀಟಿಯ ದರ ಮತ್ತೆ ಏರುತ್ತದಂತೆ. ಸಂತೆಯಲ್ಲಿ ನಮ್ಮ ಸಾಲಿನ ಹೆಂಗಸರೆಲ್ಲ ಈ ಸಲ ಬೈದು ಕೊಡುವುದು ಬೇಡ, ಹರಾಜಿನ ದಿನವೇ ಹೋಗಿ ಎದುರಿಗೆ ಕೂರೋಣ ಎಂದು ಮಾತಾಡಿಕೊಂಡಿದ್ದೇವೆ. ಏನಾಗುತ್ತದೋ ಗೊತ್ತಿಲ್ಲ. ಆದರೂ ಗುಬ್ಬಿಗಳು ಮರಿ ಹಾರಿಸಿದ ಮೇಲೆ ಆ ದೊಡ್ಡ ಪುಟ್ಟಿಯನ್ನು ಇಳಿಸಿ, ಖಾಲಿಯೇ ತಲೆಯ ಮೇಲಿಟ್ಟುಕೊಂಡು ಹೋಗುತ್ತೇನೆ. ಇದನ್ನು ಹೊತ್ತವಳ ಎಲುಬು ಮುರಿಯಿತು, ಇದಕ್ಕೆ ಎಷ್ಟು ಚೀಟಿ ಎಂದು ಎಲ್ಲರೆದುರು ಕೇಳುತ್ತೇನೆ. ಗಾಳಿ ಎದ್ದರೆ ಪುಟ್ಟಿಯನ್ನು ಬಿಟ್ಟು ನೆಲ ಹಿಡಿಯುತ್ತೇನೆ, ನೀವು ಹೆದರಬೇಡಿ.

ಇವತ್ತು ಸಂತೆಯಿತ್ತು, ಅತ್ತೆಮ್ಮ. ಎರಡು ಚೀಟಿ ಆಯಿತು. ಎರಡನ್ನೂ ನಿಮ್ಮ ತಂತಿಗೆ ಚುಚ್ಚಿದ್ದೇನೆ. ಇನ್ನು ಹರಿಯುವುದಿಲ್ಲ.

ನಿಮ್ಮ ಸೊಸೆ